ಯಾವ ಸಾಗರ ಪ್ರಸ್ಥಭೂಮಿಯನ್ನು ಆರಿಸಿಕೊಳ್ಳಬೇಕು? ಓಂಟಾಂಗ್ ಜಾವಾ, ಕೆರ್ಗುಲೆನ್, ಶಾಟ್ಸ್ಕಿ, ಕೆರಿಬಿಯನ್: ಒಂದು ಹೋಲಿಕೆ

ಸೆಮಿನಾರ್‌ಗೋ ಎಂ.ಎಸ್ಸಿ. ಪ್ರಾಜೆಕ್ಟ್‌ಗೋ ಒಂದು ಸಾಗರ ಪ್ರಸ್ಥಭೂಮಿಯನ್ನು ಆರಿಸಿಕೊಳ್ಳಿ ಅಂದರೆ ಬಹಳಷ್ಟು ವಿದ್ಯಾರ್ಥಿಗಳು ಹಿಂದೆಮುಂದೆ ನೋಡದೆ ಓಂಟಾಂಗ್ ಜಾವಾ ಅನ್ನುತ್ತಾರೆ. ಕಾರಣ ಕೇಳಿದರೆ ಅದು ಎಲ್ಲಕ್ಕಿಂತ ದೊಡ್ಡದು, ಅಷ್ಟೇ. ಗಾತ್ರ ನೋಡಿ ಆರಿಸುವುದು ಸರಿಯಾದ ದಾರಿ ಅಲ್ಲ. ನಿಮಗೆ ಯಾವ ಪ್ರಶ್ನೆ ಕಾಡುತ್ತಿದೆ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಪ್ರಶ್ನೆ ಎಲ್ಲಿ ಚೆನ್ನಾಗಿ ಕಾಣುತ್ತದೋ ಆ ಪ್ರಸ್ಥಭೂಮಿಯನ್ನು ಹಿಡಿಯಬೇಕು.

ಸಾಗರ ಪ್ರಸ್ಥಭೂಮಿ ಅಂದರೆ ಸಮುದ್ರದ ತಳದಲ್ಲಿ ಲಕ್ಷಗಟ್ಟಲೆ ಚದರ ಕಿ.ಮೀ. ಹರಡಿಕೊಂಡಿರುವ ದಪ್ಪನೆಯ ಲಾವಾ ರಾಶಿ. ಸಾಮಾನ್ಯ ಸಾಗರದ ಭೂಕವಚ ಸುಮಾರು 7 ಕಿ.ಮೀ. ದಪ್ಪ. ಪ್ರಸ್ಥಭೂಮಿಗಳಲ್ಲಿ ಅದು 20, 30, ಕೆಲವೆಡೆ 30 ಕಿ.ಮೀ.ಗಿಂತಲೂ ಜಾಸ್ತಿ. ಅಷ್ಟೊಂದು ಶಿಲಾರಸ ಎಲ್ಲಿಂದ ಬಂತು? ಪಠ್ಯಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಭೂಕವಚದ ಕೆಳಗಿನ ದಪ್ಪನೆಯ ಕಲ್ಲಿನ ಪದರ, ಅಂದರೆ ಮ್ಯಾಂಟಲ್‌ನ ಆಳದಿಂದ ಪ್ಲೂಮ್, ಅಂದರೆ ಬಿಸಿ ಕಲ್ಲಿನ ಕಂಬ ಒಂದು ಮೇಲೇರುತ್ತದೆ. ಅದರ ತಲೆ ದೊಡ್ಡದು, ಬಾಲ ಸಣ್ಣದು. ತಲೆ ಭೂಫಲಕದ ಅಡಿಗೆ ಬಂದು ಕರಗಿದಾಗ ಪ್ರಸ್ಥಭೂಮಿ ಹುಟ್ಟುತ್ತದೆ. ಫಲಕ ಮುಂದೆ ಸರಿದಂತೆ ಬಾಲದಿಂದ ದ್ವೀಪಗಳ ಸಾಲು ಹುಟ್ಟುತ್ತದೆ.

ಈ ಕಥೆ ನಿಜವಾದರೆ ನಾಲ್ಕು ಸಂಗತಿಗಳು ಕಾಣಬೇಕು. ಲಾವಾ ತುಂಬ ಬಿಸಿಯಾಗಿರಬೇಕು. ಕೆಲವೇ ಲಕ್ಷ ವರ್ಷಗಳಲ್ಲಿ, ಹೆಚ್ಚೆಂದರೆ ಹತ್ತಿಪ್ಪತ್ತು ಲಕ್ಷ ವರ್ಷಗಳಲ್ಲಿ ಉಕ್ಕಿ ಮುಗಿದಿರಬೇಕು. ಉಕ್ಕುವ ಹೊತ್ತಿಗೆ ಸಮುದ್ರತಳ ಮೇಲಕ್ಕೆ ಉಬ್ಬಿರಬೇಕು. ಆಮೇಲೆ ಬಾಲದ ಗುರುತು ಉಳಿದಿರಬೇಕು. ಸ್ವಾರಸ್ಯ ಇರುವುದು ಇಲ್ಲೇ. ನಾನು ಹೋಲಿಸುತ್ತಿರುವ ನಾಲ್ಕು ಪ್ರಸ್ಥಭೂಮಿಗಳಲ್ಲಿ ಒಂದೂ ಈ ನಾಲ್ಕು ಪರೀಕ್ಷೆಗಳನ್ನು ಸಲೀಸಾಗಿ ದಾಟುವುದಿಲ್ಲ. ಮತ್ತೆ, ಒಂದೊಂದೂ ಬೇರೆ ಬೇರೆ ಕಡೆ ಎಡವುತ್ತದೆ. ಎಡವುವ ಜಾಗವೇ ನಿಮ್ಮ ಪ್ರಾಜೆಕ್ಟ್.

ಓಂಟಾಂಗ್ ಜಾವಾ: ಉಬ್ಬಬೇಕಿತ್ತು, ಉಬ್ಬಲಿಲ್ಲ

ಪಶ್ಚಿಮ ಪೆಸಿಫಿಕ್‌ನಲ್ಲಿ, ಸೊಲೊಮನ್ ದ್ವೀಪಗಳ ಉತ್ತರಕ್ಕೆ ಇದೆ. ವಿಸ್ತಾರ ಸುಮಾರು 19 ಲಕ್ಷ ಚದರ ಕಿ.ಮೀ., ಅಂದರೆ ಹತ್ತು ಕರ್ನಾಟಕ. ಭೂಕವಚದ ದಪ್ಪ 30 ಕಿ.ಮೀ.ಗಿಂತ ಜಾಸ್ತಿ. ಇಷ್ಟು ದೊಡ್ಡ ಪ್ಲೂಮ್ ತಲೆ ಬಂದು ಬಡಿದಿದ್ದರೆ ಪ್ರಸ್ಥಭೂಮಿಯ ಬಹುಪಾಲು ನೀರಿನಿಂದ ಮೇಲೆದ್ದು ನಿಲ್ಲಬೇಕಿತ್ತು.

2000ನೇ ಇಸವಿಯಲ್ಲಿ ಜೋಯಿಡ್ಸ್ ರೆಸಲ್ಯೂಷನ್ ಹಡಗು ಸಾಗರ ಕೊರೆತ ಯೋಜನೆಯ 192ನೇ ಯಾನದಲ್ಲಿ ಅಲ್ಲಿ ಐದು ಕಡೆ ಬಾವಿ ಕೊರೆಯಿತು. ಮೇಲೆ ಬಂದದ್ದು ಬಹುಮಟ್ಟಿಗೆ ದಿಂಬು ಲಾವಾ, ನೀರಿನೊಳಗೆ ಉಕ್ಕಿ ಹೆಪ್ಪುಗಟ್ಟಿದ ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲು. ಪ್ರತಿ ದಿಂಬಿನ ಹೊರಮೈಯಲ್ಲಿ ತೆಳುವಾದ ಗಾಜಿನ ಪದರ ಇರುತ್ತದೆ. ತಣ್ಣೀರು ತಾಕಿದ ಕೂಡಲೇ ಗಟ್ಟಿಯಾದ ಆ ಗಾಜಿನಲ್ಲಿ ಶಿಲಾರಸದ ನೀರಿನ ಅಂಶ ಮತ್ತು ಇಂಗಾಲದ ಡೈಆಕ್ಸೈಡ್ ಸಿಕ್ಕಿಹಾಕಿಕೊಂಡಿರುತ್ತದೆ. ಮೇಲಿನ ನೀರಿನ ಒತ್ತಡ ಹೆಚ್ಚಿದಷ್ಟೂ ಅನಿಲ ತಪ್ಪಿಸಿಕೊಳ್ಳುವುದು ಕಡಿಮೆ. ಹಾಗಾಗಿ ಕೂದಲೆಳೆಯಷ್ಟು ತೆಳ್ಳಗಿನ ಗಾಜನ್ನು ಅಳೆದು, ಹತ್ತು ಕೋಟಿ ವರ್ಷಕ್ಕೂ ಹಿಂದೆ ಆ ಜಾಗದಲ್ಲಿ ಸಮುದ್ರ ಎಷ್ಟು ಆಳ ಇತ್ತು ಅಂತ ಹೇಳಬಹುದು. ಎತ್ತರದ ಭಾಗದಲ್ಲೂ ಸುಮಾರು ಒಂದು ಕಿ.ಮೀ. ನೀರು, ಅಂಚಿನ ಕಡೆ ಎರಡು ಕಿ.ಮೀ.ಗಿಂತ ಹೆಚ್ಚು ಅನ್ನುತ್ತದೆ ಗಾಜು. ಪೂರ್ವದ ತುದಿಯ ಒಂದೇ ಒಂದು ಬಾವಿಯಲ್ಲಿ ಮಾತ್ರ ಜ್ವಾಲಾಮುಖಿಯ ಬೂದಿಗಲ್ಲಿನ ನಡುವೆ ಮರದ ಚೂರುಗಳು ಸಿಕ್ಕವು. ಅಲ್ಲಿ ನೆಲ ನೀರಿನಿಂದ ಮೇಲಿತ್ತು. ಉಳಿದ ಕಡೆ ಇಲ್ಲ.

ತಲೆ ಬಡಿದೂ ನೆಲ ಏಕೆ ಏಳಲಿಲ್ಲ? ಉಲ್ಕೆಯ ಹೊಡೆತದಿಂದ ಇದು ಹುಟ್ಟಿತೇ ಅಂತ ಕೇಳಿದವರೂ ಇದ್ದಾರೆ. ಮ್ಯಾಂಟಲ್‌ನಲ್ಲಿ ಭಾರವಾದ, ಸುಲಭವಾಗಿ ಕರಗುವ ಕಲ್ಲು ಸೇರಿಕೊಂಡಿತ್ತು, ಅದೇ ಉಬ್ಬನ್ನು ತಡೆಯಿತು ಅನ್ನುವ ವಾದವೂ ಇದೆ. ಯಾವುದೂ ಪೂರ್ತಿ ಗೆದ್ದಿಲ್ಲ.

ಕಾಲದ ಲೆಕ್ಕವೂ ಈಚೆಗೆ ಅಲುಗಾಡಿದೆ. ಬಹಳ ಕಾಲ ಓಂಟಾಂಗ್ ಜಾವಾದ ವಯಸ್ಸು ಸುಮಾರು 12.2 ಕೋಟಿ ವರ್ಷ ಅಂತಲೇ ಬರೆಯುತ್ತಿದ್ದರು. ಸುಮಾರು 12 ಕೋಟಿ ವರ್ಷಗಳ ಹಿಂದೆ ಸಾಗರಗಳಲ್ಲಿ ಆಮ್ಲಜನಕ ಕುಸಿದು ಜಗತ್ತಿನ ಹಲವೆಡೆ ಕಪ್ಪು ಕೆಸರು ಕೂತಿತ್ತು. ಆ ಘಟನೆಗೆ ಓಂಟಾಂಗ್ ಜಾವಾವೇ ಕಾರಣ ಅಂತ ಜೋಡಿಸಲು ಈ ವಯಸ್ಸು ಅನುಕೂಲವಾಗಿತ್ತು. 2023ರಲ್ಲಿ ಬಂದ ಹೊಸ ಆರ್ಗಾನ್ ಕಾಲನಿರ್ಣಯ (ಕಲ್ಲಿನಲ್ಲಿರುವ ಆರ್ಗಾನ್ ಅನಿಲ ಅಳೆದು ವಯಸ್ಸು ಹೇಳುವ ವಿಧಾನ) ಬಸಾಲ್ಟ್‌ಗಳನ್ನು ಸುಮಾರು ಒಂದು ಕೋಟಿ ವರ್ಷದಷ್ಟು ಈಚೆಗೆ ತಂದಿತು. ಉಕ್ಕುವಿಕೆ ಹಿಂದೆ ಅಂದುಕೊಂಡಷ್ಟು ಚುಟುಕಾಗಿಯೂ ಇರಲಿಲ್ಲ ಅಂತ ತೋರಿಸಿತು. ಹಳೆಯ ಪುಸ್ತಕ ನೋಡಿ 12.2 ಕೋಟಿ ಅಂತ ಸುಮ್ನೆ ಬರೆದುಬಿಟ್ಟರೆ ಸೆಮಿನಾರ್‌ನಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಭೂಫಲಕಗಳ ಕಥೆ ಬೇಕಾದವರಿಗೂ ಇಲ್ಲಿ ಹಬ್ಬವೇ. ಮನಿಹಿಕಿ ಮತ್ತು ಹಿಕುರಂಗಿ ಅನ್ನುವ ಎರಡು ಪ್ರಸ್ಥಭೂಮಿಗಳು ಈಗ ಸಾವಿರಾರು ಕಿ.ಮೀ. ದೂರದಲ್ಲಿವೆ. ಮೂರೂ ಹುಟ್ಟುವಾಗ ಒಂದೇ ಆಗಿದ್ದವು, ಆಮೇಲೆ ನಡುವೆ ಸಮುದ್ರತಳ ಬಿರಿದು ದೂರವಾದವು ಅನ್ನುವ ಅಭಿಪ್ರಾಯಕ್ಕೆ ಈಗ ಬಲ ಜಾಸ್ತಿ. ಹಿಕುರಂಗಿ ಇವತ್ತು ನ್ಯೂಜಿಲೆಂಡ್‌ನ ಉತ್ತರ ದ್ವೀಪದ ಕೆಳಗೆ ಇಳಿಯುತ್ತಿದೆ. ಓಂಟಾಂಗ್ ಜಾವಾ ಮಾತ್ರ ಇಳಿಯಲು ಒಪ್ಪಲಿಲ್ಲ. ಸೊಲೊಮನ್ ದ್ವೀಪಗಳ ಬಳಿಯ ಕಂದಕಕ್ಕೆ ಬಂದು ತಾಗಿದಾಗ ಅದರ ದಪ್ಪವೇ ಅಡ್ಡಿಯಾಯಿತು. ಪೆಸಿಫಿಕ್ ಫಲಕ ನೈಋತ್ಯಕ್ಕೆ ಇಳಿಯುತ್ತಿದ್ದದ್ದು ನಿಂತು, ದ್ವೀಪಗಳ ಇನ್ನೊಂದು ಪಕ್ಕದಿಂದ ಆಸ್ಟ್ರೇಲಿಯಾದ ಫಲಕ ಈಶಾನ್ಯಕ್ಕೆ ಇಳಿಯತೊಡಗಿತು. ಪ್ರಸ್ಥಭೂಮಿಯ ಮೇಲ್ಭಾಗದ ಒಂದು ತುಣುಕು ಮಡಿಸಿಕೊಂಡು ಮೇಲೆದ್ದು ಮಲೈತಾ ದ್ವೀಪವಾಯಿತು. ಕೊರೆದ ಬಾವಿಗಳು ಲಾವಾದೊಳಗೆ ಕೆಲವು ನೂರು ಮೀಟರ್ ಮಾತ್ರ ಇಳಿದಿವೆ. ಮಲೈತಾದಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಅದೇ ಲಾವಾ ಹೊಳೆದಂಡೆಯಲ್ಲಿ ತೆರೆದು ನಿಂತಿದೆ.

ಇಷ್ಟೆಲ್ಲ ಇದ್ದರೂ ಮೊದಲ ಸಲ ಈ ವಿಷಯಕ್ಕೆ ಬರುವವರಿಗೆ ನಾನು ಓಂಟಾಂಗ್ ಜಾವಾವನ್ನು ಹೇಳುವುದಿಲ್ಲ. ಸಾವಿರಾರು ಕಿ.ಮೀ. ದೂರದ ಬಾವಿಗಳಲ್ಲೂ ಬಸಾಲ್ಟ್ ಒಂದೇ ತರಹ ಇದೆ. ರಾಸಾಯನಿಕ ವ್ಯತ್ಯಾಸಗಳು ಅಷ್ಟು ಸೂಕ್ಷ್ಮ. ಐಸೊಟೋಪ್‌ಗಳಲ್ಲಿ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ಲೆಕ್ಕದಲ್ಲಿ, ಒಳ್ಳೆಯ ಹಿಡಿತ ಇಲ್ಲದಿದ್ದರೆ ಹೇಳಲು ಏನೂ ಉಳಿಯುವುದಿಲ್ಲ.

ಕೆರ್ಗುಲೆನ್: ಮುಗಿಯಲೇ ಇಲ್ಲ

ನನ್ನ ಆಯ್ಕೆ ಇದು. ಪಕ್ಷಪಾತ ಇದೆ ಅಂತ ಒಪ್ಪಿಕೊಂಡೇ ಹೇಳುತ್ತೇನೆ.

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಅಂಟಾರ್ಕ್ಟಿಕಾದ ಕಡೆಗೆ 2,000 ಕಿ.ಮೀ.ಗೂ ಉದ್ದಕ್ಕೆ ಚಾಚಿಕೊಂಡಿದೆ. ಇದು ಎಡವುವುದು ಕಾಲದ ಪರೀಕ್ಷೆಯಲ್ಲಿ. ದಕ್ಷಿಣದ ಭಾಗ ಸುಮಾರು 12 ಕೋಟಿ ವರ್ಷ ಹಳೆಯದು. ನಡುವಿನ ಭಾಗ ಸುಮಾರು 10 ಕೋಟಿ. ಆಮೇಲೆ ಇದರಿಂದ ಸೀಳಿಹೋದ ಬ್ರೋಕನ್ ರಿಡ್ಜ್ ಅನ್ನುವ ತುಂಡು 9.5 ಕೋಟಿ. ಉತ್ತರದ ಭಾಗ 4 ಕೋಟಿಗಿಂತ ಈಚಿನದು. ಇದೇ ಪ್ರಸ್ಥಭೂಮಿಯ ಮೇಲಿರುವ ಹರ್ಡ್ ದ್ವೀಪದ ಬಿಗ್ ಬೆನ್ ಜ್ವಾಲಾಮುಖಿ ಇವತ್ತಿಗೂ ಜೀವಂತ. ಈಚಿನ ಕಾಲನಿರ್ಣಯಗಳ ಪ್ರಕಾರ ಮೊದಲ ಹಂತವೇ ಮೂರು ಕೋಟಿ ವರ್ಷ ಬಿಡದೆ ನಡೆದಿದೆ. ದಖ್ಖನ್‌ನ ಲಾವಾದ ಬಹುಪಾಲು ಹತ್ತು ಲಕ್ಷ ವರ್ಷದ ಆಸುಪಾಸಿನಲ್ಲಿ ಮುಗಿದಿತ್ತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಒಂದೇ ತಲೆ ಬಂದು ಬಡಿದು ಮುಗಿಯಿತು ಅನ್ನುವ ಕಥೆ ಇಲ್ಲಿ ನಡೆಯುವುದಿಲ್ಲ. ಪ್ಲೂಮ್ ಹಲವು ಸಲ ಉಸಿರೆಳೆದು ಬಿಟ್ಟಿತೇ, ಅಥವಾ ಹತ್ತಿರದ ಸಾಗರ ರಿಡ್ಜ್‌ನ (ಫಲಕಗಳು ದೂರ ಸರಿದು ಹೊಸ ಸಮುದ್ರತಳ ಹುಟ್ಟುವ ಏಣು) ಬಿರುಕುಗಳು ಅದಕ್ಕೆ ಮತ್ತೆ ಮತ್ತೆ ದಾರಿ ಮಾಡಿಕೊಟ್ಟವೇ ಅನ್ನುವುದೇ ಇಲ್ಲಿನ ಮುಖ್ಯ ಚರ್ಚೆ.

ಬಾಲದ ವಿಷಯದಲ್ಲಿ ಮಾತ್ರ ಕೆರ್ಗುಲೆನ್‌ಗೆ ಪೂರ್ತಿ ಅಂಕ ಕೊಡಬೇಕು. ಬಂಗಾಳಕೊಲ್ಲಿಯಿಂದ ದಕ್ಷಿಣಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಸುಮಾರು 5,000 ಕಿ.ಮೀ. ಇಳಿಯುವ ತೊಂಬತ್ತು ಡಿಗ್ರಿ ಪೂರ್ವ ರಿಡ್ಜ್ ಎಂಬ ಸಮುದ್ರದಡಿಯ ಜ್ವಾಲಾಮುಖಿ ಸಾಲೇ ಆ ಬಾಲ. ಭಾರತ ಉತ್ತರಕ್ಕೆ ಓಡಿದ ವೇಗ ಅದರ ಮೇಲೆ ಬರೆದಿಟ್ಟಂತಿದೆ. ಉತ್ತರಕ್ಕೆ ಹೋದಂತೆ ವಯಸ್ಸು ಹೆಚ್ಚುತ್ತದೆ. ಜಾರ್ಖಂಡ್‌ನ ರಾಜಮಹಲ್ ಬೆಟ್ಟಗಳ ಲಾವಾ ಸುಮಾರು 11.8 ಕೋಟಿ ವರ್ಷದ್ದು. ಅದನ್ನೂ ಇದೇ ಹಾಟ್‌ಸ್ಪಾಟ್‌ಗೆ, ಅಂದರೆ ಪ್ಲೂಮ್ ಮೇಲೆ ಬರುವ ಜಾಗಕ್ಕೆ, ಸೇರಿಸುತ್ತಾರೆ. ಸುಮಾರು 4 ಕೋಟಿ ವರ್ಷಗಳ ಹಿಂದೆ ಆಗ್ನೇಯ ಹಿಂದೂ ಸಾಗರದ ರಿಡ್ಜ್ ಪ್ರಸ್ಥಭೂಮಿಯನ್ನು ಸೀಳಿತು. ಒಂದು ತುಂಡು ಬ್ರೋಕನ್ ರಿಡ್ಜ್ ಆಗಿ ಆಸ್ಟ್ರೇಲಿಯಾದ ಕಡೆ ಹೋಯಿತು, ಉಳಿದದ್ದು ಅಂಟಾರ್ಕ್ಟಿಕಾದ ಫಲಕದ ಮೇಲೆ ಕೂತಿತು. ಭೂಫಲಕಗಳ ಚಲನೆಯನ್ನು ಜ್ವಾಲಾಮುಖಿಯ ಜೊತೆಗೇ ಓದಬೇಕು ಅನ್ನುವವರಿಗೆ ಇಷ್ಟು ತುಂಬಿದ ದಾಖಲೆ ಇನ್ನೆಲ್ಲೂ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. 1998–99ರ 183ನೇ ಯಾನದಲ್ಲಿ ಪ್ರಸ್ಥಭೂಮಿಯ ಪಶ್ಚಿಮಕ್ಕೆ ಚಾಚಿರುವ ಎಲಾನ್ ಬ್ಯಾಂಕ್ ಮೇಲೆ 1137ನೇ ಸಂಖ್ಯೆಯ ಬಾವಿ ಕೊರೆದರು. ಬಸಾಲ್ಟ್ ಪದರಗಳ ನಡುವೆ ನದಿ ತಂದು ಹಾಕಿದ ಹೊಳೆಗಲ್ಲುಗಳ ಪದರ ಸಿಕ್ಕಿತು. ನಡುಸಮುದ್ರದ ತಳದಲ್ಲಿ ನದಿ ಅಂದಮೇಲೆ ಆ ಜಾಗ ಒಮ್ಮೆ ಒಣನೆಲವಾಗಿತ್ತು ಅಂತ ಆಯಿತು. ಆ ಹೊಳೆಗಲ್ಲುಗಳಲ್ಲಿ ಬಸಾಲ್ಟ್ ಮತ್ತು ರಯೋಲೈಟ್ ಎಂಬ ಇನ್ನೊಂದು ಲಾವಾಕಲ್ಲು ಇದ್ದವು, ಅದು ಸಹಜ. ಜೊತೆಗೆ ಗಾರ್ನೆಟ್ ಮತ್ತು ಕಪ್ಪು ಅಭ್ರಕ ಇರುವ ನೈಸ್ ಕಲ್ಲುಗಳೂ ಇದ್ದವು. ನೈಸ್ ಸಾಗರದ ಕಲ್ಲಲ್ಲ, ಖಂಡದ ಕಲ್ಲು. ಅದರೊಳಗಿನ ಜಿರ್ಕಾನ್ ಮತ್ತು ಮೊನಜೈಟ್ ಹರಳುಗಳ ವಯಸ್ಸು ನೋಡಿದರೆ ಅತ್ಯಂತ ಹಳೆಯವು ಸುಮಾರು 250 ಕೋಟಿ ವರ್ಷದವು. ಪ್ರಸ್ಥಭೂಮಿಗಿಂತ ಇಪ್ಪತ್ತು ಪಟ್ಟು ಹಳೆಯವು! ವಯಸ್ಸುಗಳ ಸರಣಿ ಹೋಲುವುದು ನಮ್ಮ ಪೂರ್ವಘಟ್ಟಗಳ ಕಲ್ಲಿಗೆ. ಭಾರತ ಅಂಟಾರ್ಕ್ಟಿಕಾದಿಂದ ಬೇರ್ಪಟ್ಟ ಮೇಲೆ, ರಿಡ್ಜ್ ಪ್ಲೂಮ್‌ನ ಕಡೆಗೆ ನೆಗೆದು ಭಾರತದ ಅಂಚಿನ ಒಂದು ಚೂರನ್ನು ಕತ್ತರಿಸಿ ಅಲ್ಲೇ ಬಿಟ್ಟಿತು ಅನ್ನುವುದು ಈಗಿನ ವಿವರಣೆ. ಆ ಚೂರಿನ ಮೇಲೆ ಲಾವಾ ಹರಿದು, ಅದು ಪ್ರಸ್ಥಭೂಮಿಯ ಭಾಗವೇ ಆಗಿಹೋಯಿತು.

ನಡುವಿನ ಭಾಗದ 1138ನೇ ಬಾವಿಯಲ್ಲಿ ಲಾವಾದ ಮೇಲಿನ ಕೆಸರಿನಲ್ಲಿ ಮರದ ಚೂರು ಮತ್ತು ಇದ್ದಿಲು ಸಿಕ್ಕಿವೆ. ಅಂದರೆ ಅಲ್ಲಿ ಕಾಡಿತ್ತು. ಓಂಟಾಂಗ್ ಜಾವಾ ಸೋತ ಉಬ್ಬಿನ ಪರೀಕ್ಷೆಯಲ್ಲಿ ಕೆರ್ಗುಲೆನ್ ಗೆಲ್ಲುತ್ತದೆ.

ಇದನ್ನು ಆರಿಸಿಕೊಂಡರೆ ಒಂದು ಎಚ್ಚರಿಕೆ. ವಿಷಯ ಕೈಮೀರಿ ಬೆಳೆಯುತ್ತದೆ. ರಾಜಮಹಲ್, ಆಸ್ಟ್ರೇಲಿಯಾದ ಬನ್ಬರಿ ಬಸಾಲ್ಟ್, ತೊಂಬತ್ತು ಡಿಗ್ರಿ ರಿಡ್ಜ್ ಎಲ್ಲವನ್ನೂ ಒಂದೇ ಸೆಮಿನಾರ್‌ಗೆ ತುರುಕಬೇಡಿ. ಎಲಾನ್ ಬ್ಯಾಂಕ್ ಒಂದನ್ನೇ ಹಿಡಿದರೂ ನಲವತ್ತು ನಿಮಿಷಕ್ಕೆ ಬೇಕಾದಷ್ಟಿದೆ.

ಶಾಟ್ಸ್ಕಿ: ಪ್ಲೂಮೇ ಬೇಕಿತ್ತಾ?

ಸಮಯ ಕಡಿಮೆ ಇದ್ದರೆ, ಚರ್ಚೆ ಸ್ಪಷ್ಟವಾಗಿ ಎರಡು ಬಣವಾಗಿರಬೇಕು ಅಂದರೆ, ಇದೇ ಸರಿ. ಜಪಾನ್‌ನಿಂದ ಪೂರ್ವಕ್ಕೆ ಸುಮಾರು 1,500 ಕಿ.ಮೀ. ದೂರದಲ್ಲಿದೆ. ಮೂರು ದೊಡ್ಡ ದಿಬ್ಬಗಳಿವೆ: ತಾಮು, ಓರಿ, ಶಿರ್ಶೋವ್. ತಾಮು ಅತಿ ದೊಡ್ಡದು, ಅತಿ ಹಳೆಯದು. ವಯಸ್ಸು ಸುಮಾರು 14.5 ಕೋಟಿ ವರ್ಷ, ವಿಸ್ತಾರ ಸುಮಾರು 3 ಲಕ್ಷ ಚದರ ಕಿ.ಮೀ.

2013ರಲ್ಲಿ ಭೂವಿಜ್ಞಾನಿ ವಿಲಿಯಂ ಸೇಗರ್ ಮತ್ತು ಸಂಗಡಿಗರು ತಾಮು ಇಡಿಯಾಗಿ ಒಂದೇ ಜ್ವಾಲಾಮುಖಿ ಅಂದರು. ಮಧ್ಯದಿಂದ ಎಲ್ಲ ಕಡೆಗೂ ಇಳಿಜಾರಾಗಿ ಹರಿದ ಲಾವಾ ಪದರಗಳು ಭೂಕಂಪನ ಅಲೆಗಳ ಚಿತ್ರದಲ್ಲಿ ಕಂಡಿದ್ದವು. 2009ರಲ್ಲಿ ಅಲ್ಲಿ ಕೊರೆದ ಬಾವಿಯಲ್ಲಿ 20 ಮೀಟರ್‌ಗೂ ದಪ್ಪನೆಯ ಲಾವಾ ಹರಿವುಗಳೂ ಸಿಕ್ಕಿದ್ದವು. ಭೂಮಿಯ ಅತಿ ದೊಡ್ಡ ಜ್ವಾಲಾಮುಖಿ, ಮಂಗಳ ಗ್ರಹದ ಒಲಿಂಪಸ್ ಮಾನ್ಸ್‌ಗೆ ಸರಿಸಾಟಿ ಅಂತ ಪತ್ರಿಕೆಗಳೆಲ್ಲ ಬರೆದವು. ಕನ್ನಡದಲ್ಲಿ ಹುಡುಕಿದರೂ ನಿಮಗೆ ಮೊದಲು ಸಿಗುವುದು ಈ ಮಾತೇ ಇರಬಹುದು.

ಸೇಗರ್ ಅಲ್ಲಿಗೇ ನಿಲ್ಲಿಸಲಿಲ್ಲ. ಅವರ ತಂಡ ತಾಮುವಿನ ಕಾಂತೀಯ ನಕ್ಷೆ ತಯಾರಿಸಿತು. ಸಾಗರ ರಿಡ್ಜ್‌ನಲ್ಲಿ ಹೊಸ ತಳ ಹುಟ್ಟುವಾಗ ಆಗಿನ ಭೂಕಾಂತದ ದಿಕ್ಕು ಕಲ್ಲಿನಲ್ಲಿ ಅಚ್ಚಾಗುತ್ತದೆ. ಭೂಕಾಂತ ಆಗಾಗ ತಿರುಗುಮುರುಗಾಗುವುದರಿಂದ ತಳದ ಉದ್ದಕ್ಕೂ ಪಟ್ಟೆಗಳು ಮೂಡುತ್ತವೆ. ತಾಮು ಮಧ್ಯದಿಂದ ಉಕ್ಕಿದ ಒಂದೇ ಜ್ವಾಲಾಮುಖಿಯಾಗಿದ್ದರೆ ಅದರ ಲಾವಾ ಈ ಪಟ್ಟೆಗಳನ್ನು ಮುಚ್ಚಿಹಾಕಬೇಕಿತ್ತು. ನಕ್ಷೆಯಲ್ಲಿ ಪಟ್ಟೆಗಳು ದಿಬ್ಬದ ಮೇಲೂ ನೆಟ್ಟಗೆ ಹಾದುಹೋಗಿದ್ದವು. 2019ರಲ್ಲಿ ಸೇಗರ್ ತಾವೇ ಬರೆದರು: ತಾಮು ರಿಡ್ಜ್‌ನಲ್ಲಿ ಹುಟ್ಟಿದ ದಪ್ಪನೆಯ ಭೂಕವಚ, ಒಂಟಿ ಜ್ವಾಲಾಮುಖಿ ಅಲ್ಲ. ತನಗೇ ಹೆಸರು ತಂದುಕೊಟ್ಟ ಮಾತನ್ನು ತಾನೇ ಪುರಾವೆ ತಂದು ಕೈಬಿಡುವುದಕ್ಕೆ ಬಹಳ ದೊಡ್ಡತನ ಬೇಕು. ವಿದ್ಯಾರ್ಥಿಗಳು ಈ ಎರಡು ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಲೇಬೇಕು.

ಹಾಗಾದರೆ ಪ್ಲೂಮ್ ಇರಲೇ ಇಲ್ಲವೇ? ಅಷ್ಟು ಸುಲಭವಾಗಿ ತೀರ್ಮಾನ ಆಗುವುದಿಲ್ಲ. ಶಾಟ್ಸ್ಕಿ ಹುಟ್ಟಿದ್ದು ಪೆಸಿಫಿಕ್, ಫರಲಾನ್, ಇಝನಾಗಿ ಎಂಬ ಮೂರು ಫಲಕಗಳು ಸೇರುವ ಜಾಗದಲ್ಲಿ. ಅಲ್ಲಿನ ಬಸಾಲ್ಟ್ ರಸಾಯನ ಬಹುಮಟ್ಟಿಗೆ ಸಾಮಾನ್ಯ ರಿಡ್ಜ್ ಬಸಾಲ್ಟ್‌ನಂತೆಯೇ ಇದೆ. ಆದರೆ ಭೂಕವಚ ದಪ್ಪವಾಗಬೇಕಾದರೆ ಕರಗಿದ ಪ್ರಮಾಣ ಜಾಸ್ತಿ ಆಗಿರಬೇಕು ಅಲ್ವಾ? ಹೆಚ್ಚಿನ ಬಿಸಿ ಅದನ್ನು ಮಾಡಿತೇ, ಬೇಗ ಕರಗುವ ಕಲ್ಲು ಮಾಡಿತೇ ಎಂಬ ವಾದ ಉಳಿದೇ ಇದೆ. ರಿಡ್ಜ್ ಮೇಲೆ ಪ್ಲೂಮ್ ಬಂದು ಕೂತರೂ ಕಾಂತೀಯ ಪಟ್ಟೆ ಮೂಡಬಹುದು. ಐಸ್‌ಲ್ಯಾಂಡ್ ಅದಕ್ಕೆ ಜೀವಂತ ಉದಾಹರಣೆ.

ಕೆರಿಬಿಯನ್: ಬಿಸಿಯ ಸಾಕ್ಷಿ

ಶಿಲಾಶಾಸ್ತ್ರ ಇಷ್ಟವಿದ್ದು, ಸೂಕ್ಷ್ಮದರ್ಶಕದ ಕೆಳಗೆ ಕಲ್ಲಿನ ತೆಳುಹೋಳು ನೋಡುವುದರಲ್ಲೇ ಖುಷಿ ಇರುವವರಿಗೆ ಇದು. ಮುಖ್ಯ ಉಕ್ಕುವಿಕೆ ಸುಮಾರು 9 ಕೋಟಿ ವರ್ಷಗಳ ಹಿಂದೆ. ಹುಟ್ಟಿದ್ದು ಪೆಸಿಫಿಕ್‌ನಲ್ಲಿ ಅಂತ ಹೆಚ್ಚಿನವರ ಅಭಿಪ್ರಾಯ. ಪೂರ್ವಕ್ಕೆ ಸರಿದು ಉತ್ತರ, ದಕ್ಷಿಣ ಅಮೆರಿಕಗಳ ನಡುವೆ ತೂರಿಕೊಂಡಿತು. ದಾರಿಯಲ್ಲಿ ಅಂಚುಗಳು ಮುರಿದು ಕೊಲಂಬಿಯಾ, ಈಕ್ವೆಡಾರ್, ಕುರಸಾವ್ ಕಡೆ ನೆಲದ ಮೇಲೆ ಬಿದ್ದಿವೆ. ಹಡಗು ಬೇಡ, ಸುತ್ತಿಗೆ ಸಾಕು.

ಕೊಲಂಬಿಯಾದ ಗೊರ್ಗೋನಾ ದ್ವೀಪದಲ್ಲಿ ಕೊಮಾಟಿಐಟ್ ಇದೆ. ಮೆಗ್ನೀಸಿಯಂ ತುಂಬಿದ, ವಿಪರೀತ ಬಿಸಿಯಾಗಿ ಹರಿದ ಲಾವಾ ಅದು. ತಣಿಯುವಾಗ ಅದರಲ್ಲಿ ಆಲಿವಿನ್ ಹರಳುಗಳು ಉದ್ದುದ್ದ ಹುಲ್ಲಿನ ಎಸಳಿನಂತೆ ಬೆಳೆಯುತ್ತವೆ. ಕೊಮಾಟಿಐಟ್‌ಗಳು ಸಾಮಾನ್ಯವಾಗಿ 250 ಕೋಟಿ ವರ್ಷಕ್ಕಿಂತ ಹಳೆಯ ನೆಲಗಳಲ್ಲಿ ಸಿಗುವಂಥವು. ಡೈನೋಸಾರ್‌ಗಳ ಕಾಲದ ಕೊಮಾಟಿಐಟ್ ಅಂದರೆ ಗೊರ್ಗೋನಾವೇ. ಪ್ಲೂಮ್ ಬಿಸಿಯಾಗಿತ್ತು ಅನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆದರೆ ತುಣುಕುಗಳು ಎಷ್ಟು ಚದುರಿವೆ ಅಂದರೆ, ಇವೆಲ್ಲ ಒಂದೇ ಪ್ರಸ್ಥಭೂಮಿಯವೇ, ಬಾಲ ಇವತ್ತಿನ ಗಲಾಪಗೋಸ್ ಹಾಟ್‌ಸ್ಪಾಟ್‌ಗೇ ಸೇರುತ್ತದೆಯೇ ಅನ್ನುವುದರಲ್ಲೇ ಜಗಳ ಇದೆ. ಇದು ಎಡವುವುದು ಅಲ್ಲಿ.

ಕರ್ನಾಟಕದಲ್ಲಿದ್ದುಕೊಂಡೇ ಕೆಲಸ ಮಾಡಬೇಕಾದರೆ

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ಕಪ್ಪು ಕಲ್ಲನ್ನು ಸಾಗರ ಪ್ರಸ್ಥಭೂಮಿ ಅನ್ನುವ ಹಾಗಿಲ್ಲ. ಅದು ದಖ್ಖನ್ ಲಾವಾ, ಖಂಡದ ಮೇಲೆ ಉಕ್ಕಿದ್ದು. ಹೋಲಿಕೆಗೆ ಇಟ್ಟುಕೊಳ್ಳಿ, ವಿಷಯವಾಗಿ ಅಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಕಂಬಗಲ್ಲುಗಳ ಕಥೆ ಬೇರೆ. ಅವು ದಖ್ಖನ್ ಲಾವಾಗಿಂತ ಹಳೆಯವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬಿಡಿಸಿಕೊಂಡಾಗಿನ ಜ್ವಾಲಾಮುಖಿ ಚಟುವಟಿಕೆಗೆ ಅವುಗಳನ್ನು ಸೇರಿಸುತ್ತಾರೆ. ಅದಕ್ಕೆ ಕಾರಣ ಅನ್ನಲಾಗುವ ಮರಿಯನ್ ಹಾಟ್‌ಸ್ಪಾಟ್ ಮುಂದೆ ಮಡಗಾಸ್ಕರ್‌ನ ದಕ್ಷಿಣಕ್ಕೆ ಸಮುದ್ರದಡಿಯಲ್ಲಿ ಮಡಗಾಸ್ಕರ್ ಪ್ರಸ್ಥಭೂಮಿಯನ್ನು ಕಟ್ಟಿತು. ಹೆಚ್ಚು ಜನ ಕೈಹಾಕದ ವಿಷಯ. ಕರಾವಳಿಯ ಕಾಲೇಜುಗಳವರಿಗೆ ಕಲ್ಲು ಕಣ್ಣೆದುರೇ ಇದೆ. ಆದರೆ ದ್ವೀಪಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಎತ್ತುವಂತಿಲ್ಲ. ಪ್ರಕಟವಾದ ವಿಶ್ಲೇಷಣೆಗಳನ್ನೇ ಬಳಸಿಕೊಳ್ಳಬೇಕು.

ಗೊರ್ಗೋನಾ ಓದಿ ರುಚಿ ಹತ್ತಿದವರು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಗೆ ಹೋಗಿಬರಬಹುದು. ಪಶ್ಚಿಮ ಧಾರವಾಡ ಕ್ರೇಟಾನ್‌ನ (ಖಂಡದ ಅತಿ ಹಳೆಯ, ಗಟ್ಟಿ ನೆಲ) ಕೊಮಾಟಿಐಟ್‌ಗಳು 330 ಕೋಟಿ ವರ್ಷಕ್ಕಿಂತ ಹಳೆಯವು. ಇವು ಪುರಾತನ ಸಾಗರ ಪ್ರಸ್ಥಭೂಮಿಯ ತುಣುಕುಗಳಿರಬಹುದು ಅನ್ನುವ ವಾದವೊಂದಿದೆ. ಆ ವಾದವನ್ನು ತೂಗಿ ನೋಡಬೇಕಾದರೆ ಮೊದಲು ಕೆರಿಬಿಯನ್‌ನ ಕಲ್ಲುಗಳು ಗೊತ್ತಿರಬೇಕು. ಓಂಟಾಂಗ್ ಜಾವಾದಂತೆ ಇಳಿಯಲು ಒಪ್ಪದ ದಪ್ಪ ಭೂಕವಚ ಖಂಡದ ಅಂಚಿಗೆ ಹೇಗೆ ಅಂಟಿಕೊಳ್ಳುತ್ತದೆ ಅನ್ನುವುದು ಮಲೈತಾದಲ್ಲಿ ನೋಡಿ ತಿಳಿದಿರಬೇಕು. ಈ ದಾರಿ ಹಿಡಿಯುವವರು ಎರಡು ಸೆಮಿಸ್ಟರ್ ಇಟ್ಟುಕೊಳ್ಳಿ.